ಅಂಗೈಯ ಮೇಲೆ ಸರಸ್ವತಿ, ಮರಳಿನಲ್ಲಿ ಅಕ್ಷರ

ಮಕ್ಕಳನ್ನು ಬೆಳಿಗ್ಗೆ ಎಬ್ಬಿಸಿ ಶಾಲೆಗೆ ಹೊರಡಿಸುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಅರ್ಧ ಯುದ್ಧವೇ ಮುಗಿದಿರುತ್ತದೆ. ಇನ್ನೂರು ವರ್ಷಗಳ ಹಿಂದೆ ಬಳ್ಳಾರಿ ಸೀಮೆಯ ಊರ ಶಾಲೆಗಳಲ್ಲಿ ಇದಕ್ಕೊಂದು ಉಪಾಯವಿತ್ತು. ಶಾಲೆ ಬೆಳಿಗ್ಗೆ ಆರಕ್ಕೆ. ಮೊದಲು ಬಂದ ಮಗುವಿನ ಅಂಗೈಯಲ್ಲಿ ಗೌರವದ ಗುರುತಾಗಿ ಸರಸ್ವತಿಯ ಹೆಸರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಕೊನೆಗೆ ಬಂದವನ ಪಾಡನ್ನು ಓದುಗರೇ ಊಹಿಸಿಕೊಳ್ಳಬಹುದು!

ಈ ವಿವರ ನಮಗೆ ದೊರೆಯುವುದು ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಬರೆದ ವರದಿಯಲ್ಲಿ. ಮದರಾಸಿನ ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷ ಎಲ್ಲ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದ್ದ. ಹೊಸಪೇಟೆ, ಹಂಪಿ, ಕಂಪ್ಲಿಗಳು ಆಗ ಈ ಜಿಲ್ಲೆಯವು. ಸಂಡೂರು ಮಾತ್ರ ಘೋರ್ಪಡೆಯವರ ಪ್ರತ್ಯೇಕ ಸಂಸ್ಥಾನ.

ಐದನೇ ವರ್ಷಕ್ಕೆ ವಿದ್ಯಾರಂಭ. ಗುರುವೂ ಶಾಲೆಯ ಮಕ್ಕಳೂ ಮಗುವಿನ ಮನೆಗೇ ಹೋಗಿ, ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸುತ್ತಿದ್ದರು. ಆಮೇಲೆ ಕಲಿಕೆಯೆಲ್ಲ ಮರಳಿನಲ್ಲಿ. ಓದುವ ಮೊದಲೇ ಬರೆಯುವುದು ಇಲ್ಲಿನ ಪದ್ಧತಿ. ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಹೇಳಿಕೊಡುತ್ತ ತಮ್ಮ ಪಾಠವನ್ನೂ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಈ ಕ್ರಮವನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ. ಇದನ್ನೇ ಆಂಡ್ರ್ಯೂ ಬೆಲ್ ಮದರಾಸಿನಿಂದ ಇಂಗ್ಲೆಂಡಿಗೆ ಕೊಂಡೊಯ್ದು 1797ರಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದ.

ನಮ್ಮನ್ನು ಹೆಚ್ಚು ಸೆಳೆಯುವುದು ಮುಂದಿನ ಪಾಠಗಳು. ಗುರುಗಳು ಎಲ್ಲೆಲ್ಲಿಂದಲೋ ಹಳೆಯ ಪತ್ರಗಳನ್ನು ತಂದು, ಬಗೆಬಗೆಯ ಕೈಬರಹ ಓದಿಸುತ್ತಿದ್ದರು. ಕಾಗದ ಬರೆಯುವುದು, ಕರಾರುಪತ್ರ ಸಿದ್ಧಪಡಿಸುವುದು, ಹಣ-ತೂಕ-ಅಳತೆಗಳ ಲೆಕ್ಕ ಇವೆಲ್ಲ ಬರಬೇಕಿತ್ತು. ನಾಳೆ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಅದರಲ್ಲೇನಿದೆ ಎಂದು ತಿಳಿಯುವವನಾಗಬೇಕಲ್ಲ! ಹಾಗೆಂದು ಎಲ್ಲವೂ ಚಿನ್ನವಾಗಿರಲಿಲ್ಲ. ಅರ್ಥ ತಿಳಿಯದ ಪದ್ಯಗಳನ್ನು ಗಿಳಿಪಾಠ ಮಾಡಿಸುತ್ತಿದ್ದರು. ಸೋಮಾರಿಯ ಎರಡೂ ಕೈ ಕಟ್ಟಿ ಮಾಡಿಗೆ ನೇತುಹಾಕುವ ಶಿಕ್ಷೆಯೂ ಇತ್ತು. ಅದನ್ನು ಶಿಸ್ತೆಂದು ಕರೆಯಲು ನಮ್ಮಿಂದಾಗದು.

ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533. ಕನ್ನಡದವು 235, ತೆಲುಗಿನವು 226, ಪಾರ್ಸಿಯವು 21. ಕಲಿಯುತ್ತಿದ್ದವರು 6,641 ಮಂದಿ; ಅವರಲ್ಲಿ ಮುಸ್ಲಿಮರು 243. ಹುಡುಗಿಯರು ಬರೀ 60, ಮುಸ್ಲಿಮ್ ಹುಡುಗಿ ಒಬ್ಬಳೂ ಇಲ್ಲ. ಇದು ಶಾಲೆಗಳ ಲೆಕ್ಕ, ಮನೆಯೊಳಗಿನ ಕಲಿಕೆ ಇದರಲ್ಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಅದಕ್ಕಿಂತ ಸುಮಾರು ಐದು ಶತಮಾನ ಮೊದಲು ಇಬ್ನ್ ಬತೂತ ಹೊನ್ನಾವರದಲ್ಲಿ ಹುಡುಗರಿಗೆ 23, ಹುಡುಗಿಯರಿಗೇ 13 ಶಾಲೆಗಳನ್ನು ಕಂಡಿದ್ದ. ಇಂಥದನ್ನು ಬೇರೆಲ್ಲೂ ಕಾಣಲಿಲ್ಲ ಎಂದೂ ಬರೆದಿಟ್ಟ. ನಮ್ಮದೇ ನಾಡಿನ ಈ ಪರಂಪರೆ ಘಟ್ಟ ಹತ್ತಿ ಇತ್ತ ಬರಲಿಲ್ಲವೇಕೆ?

ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಒಂದೂ ಇಲ್ಲವೆಂದು ಕ್ಯಾಂಪ್‌ಬೆಲ್ ಒಪ್ಪಿಕೊಂಡ. ಕಾರಣವನ್ನೂ ಮುಚ್ಚಿಡಲಿಲ್ಲ: ವಿಲಾಯಿತಿ ಬಟ್ಟೆ ಬಂದು ನೇಕಾರರ ಕೈ ಖಾಲಿಯಾಯಿತು, ನಾಡು ಬಡವಾಯಿತು. ಮಕ್ಕಳ ಪುಟ್ಟ ಕೈಗಳು ದುಡಿಮೆಗೆ ಒದಗುತ್ತಲೇ ತಂದೆತಾಯಿ ಅವರನ್ನು ಶಾಲೆಯಿಂದ ಬಿಡಿಸಿದರು. 2000ದ ದಶಕದಲ್ಲಿ ಅದಿರಿಗೆ ಚಿನ್ನದ ಬೆಲೆ ಬಂದಾಗ, ಸಂಡೂರು-ಹೊಸಪೇಟೆಯ ಗಣಿಗಳಲ್ಲಿ ಸುತ್ತಿಗೆ ಹಿಡಿದು ಕಲ್ಲು ಒಡೆಯುತ್ತಿದ್ದವರಲ್ಲಿ ಮಕ್ಕಳೂ ಇದ್ದರು.