ಥಂಡರ್‌ಬರ್ಡ್ ಪ್ರತಿಜ್ಞೆ

ಅಮೆರಿಕದ ಅರಿಜೋನಾ ರಾಜ್ಯದಲ್ಲಿರುವ ಥಂಡರ್‌ಬರ್ಡ್ ಸ್ಕೂಲ್ ಆಫ್ ಗ್ಲೋಬಲ್ ಮ್ಯಾನೇಜ್‌ಮೆಂಟ್‌ನ ವೃತ್ತಿಗೌರವದ ಪ್ರಮಾಣವಚನಕ್ಕೆ ಥಂಡರ್‌ಬರ್ಡ್ ಪ್ರತಿಜ್ಞೆ ಎನ್ನಬಹುದು. 2006ರಲ್ಲಿ ಇದು ಅಧಿಕೃತವಾಯಿತು. ವೈದ್ಯರಿಗೆ ಹಿಪೊಕ್ರಟೀಸ್ ಹೆಸರಿನ ಪ್ರಮಾಣವಿದೆ, ವಕೀಲರಿಗೆ ವೃತ್ತಿನಿಯಮಗಳಿವೆ. ಸಾವಿರಾರು ಜನರ ಕೆಲಸ, ಸಂಬಳ, ಉಳಿತಾಯ ಯಾರ ಕೈಯಲ್ಲಿರುತ್ತವೆಯೋ ಆ ಮ್ಯಾನೇಜರ್‌ಗೆ ಮಾತ್ರ ಅಂಥದ್ದೇನೂ ಇರಲಿಲ್ಲ.

ಶಾಲೆಯ ಹುಟ್ಟೇ ಸ್ವಾರಸ್ಯಕರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫೀನಿಕ್ಸ್ ಬಳಿಯ ಗ್ಲೆಂಡೇಲ್‌ನಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಥಂಡರ್‌ಬರ್ಡ್ ಫೀಲ್ಡ್ ಯುದ್ಧ ಮುಗಿದ ಮೇಲೆ ಖಾಲಿ ಬಿತ್ತು. ಲೆಫ್ಟಿನೆಂಟ್ ಜನರಲ್ ಬಾರ್ಟನ್ ಕೈಲ್ ಯೌಂಟ್ ಅದೇ ಜಾಗದಲ್ಲಿ 1946ರಲ್ಲಿ ವಿದೇಶಿ ವ್ಯಾಪಾರ ಕಲಿಸುವ ಸಂಸ್ಥೆಯನ್ನು ಆರಂಭಿಸಿದರು. ಮೊದಲ ತಂಡದಲ್ಲಿ ಬಹುಪಾಲು ಮಾಜಿ ಸೈನಿಕರೇ ಇದ್ದರು. ವ್ಯಾಪಾರದ ಜೊತೆಗೆ ಪರದೇಶದ ಭಾಷೆಯನ್ನೂ ಆ ನಾಡಿನ ಜನಜೀವನವನ್ನೂ ಕಲಿಯಲೇಬೇಕೆಂಬ ಪದ್ಧತಿ ಇಲ್ಲಿ ಮೊದಲಿನಿಂದ ಇತ್ತು.

2001ರ ಡಿಸೆಂಬರ್‌ನಲ್ಲಿ ಲೆಕ್ಕ ತಿರುಚಿದ ಎನ್‌ರಾನ್ ಕಂಪನಿ ದಿವಾಳಿಯಾದಾಗ ಬಿಸಿನೆಸ್ ಸ್ಕೂಲ್‌ಗಳತ್ತಲೂ ಬೆರಳು ತಿರುಗಿತು. ಅದರ ಮಾಜಿ ಮುಖ್ಯಸ್ಥ ಜೆಫ್ರಿ ಸ್ಕಿಲ್ಲಿಂಗ್ ಹಾರ್ವರ್ಡ್‌ನಲ್ಲಿ ಎಂಬಿಎ ಓದಿದವರು. ಓದಿದವರೇ ಲೆಕ್ಕ ತಿರುಚಿದರೆ ಓದಿಸಿದವರ ಹೊಣೆ ಏನು? 2004ರಲ್ಲಿ ಥಂಡರ್‌ಬರ್ಡ್‌ನ ಅಧ್ಯಕ್ಷರಾದ ಆಂಖೆಲ್ ಕಬ್ರೇರಾ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಪ್ರತಿಜ್ಞೆಯ ಕರಡು ಸಿದ್ಧಪಡಿಸುವಲ್ಲಿ ವಿದ್ಯಾರ್ಥಿಗಳಿಗೂ ಪಾಲು ಸಿಕ್ಕಿತು. ಪ್ರಾಮಾಣಿಕವಾಗಿ ನಡೆಯುವುದು, ಎಲ್ಲರ ಹಕ್ಕು ಮತ್ತು ಘನತೆಯನ್ನು ಗೌರವಿಸುವುದು, ಭ್ರಷ್ಟಾಚಾರ ಹಾಗೂ ಶೋಷಣೆಯನ್ನು ವಿರೋಧಿಸುವುದು, ಮಾಡಿದ್ದಕ್ಕೆ ಹೊಣೆ ಹೊರುವುದು ಅದರ ಸಾರ.

ಅಲ್ಲಿಂದ ಇದೇ ವಿಚಾರ ಬೇರೆಡೆಗೂ ಹಬ್ಬಿತು. ವಿಶ್ವಸಂಸ್ಥೆಯ ಬೆಂಬಲದ ಜವಾಬ್ದಾರಿಯುತ ಮ್ಯಾನೇಜ್‌ಮೆಂಟ್ ಶಿಕ್ಷಣದ ತತ್ತ್ವಗಳು 2007ರ ಜುಲೈನಲ್ಲಿ ಜಿನೀವಾದಲ್ಲಿ ಬಿಡುಗಡೆಯಾದವು. ಅವನ್ನು ರೂಪಿಸಿದ ಕಾರ್ಯಪಡೆಯ ನೇತೃತ್ವ ಕಬ್ರೇರಾ ಅವರದೇ. 2008ರಲ್ಲಿ ಹಾರ್ವರ್ಡ್‌ನ ರಾಕೇಶ್ ಖುರಾನಾ ಮತ್ತು ನಿತಿನ್ ನೊಹ್ರಿಯಾ ಮ್ಯಾನೇಜ್‌ಮೆಂಟನ್ನೂ ನಿಜವಾದ ವೃತ್ತಿಯಾಗಿಸಬೇಕೆಂದು ವಾದಿಸಿದರು. ಮರುವರ್ಷ ಅಲ್ಲಿನ ವಿದ್ಯಾರ್ಥಿಗಳೇ ಎಂಬಿಎ ಪ್ರತಿಜ್ಞೆಯೊಂದನ್ನು ಬರೆದರು.

ಆದರೆ ಪದವಿಯ ದಿನ ಹೇಳುವ ಪ್ರತಿಜ್ಞೆಯ ಮಾತಿಗಿಂತ ಅದಕ್ಕೆ ಮುಂಚಿನ ಎರಡು ವರ್ಷಗಳ ನಡತೆಯೇ ದೊಡ್ಡದು. 2006ರಲ್ಲಿ ಡೊನಾಲ್ಡ್ ಮೆಕ್‌ಕೇಬ್ ಮತ್ತು ಸಂಗಡಿಗರು ಅಮೆರಿಕ, ಕೆನಡಾಗಳ 32 ಸಂಸ್ಥೆಗಳ ಐದು ಸಾವಿರಕ್ಕೂ ಹೆಚ್ಚು ಸ್ನಾತಕೋತ್ತರ ವಿದ್ಯಾರ್ಥಿಗಳ ಕುರಿತ ಅಧ್ಯಯನ ಪ್ರಕಟಿಸಿದರು. ಕಳೆದ ಒಂದು ವರ್ಷದಲ್ಲಿ ಒಂದಲ್ಲ ಒಂದು ಬಗೆಯಲ್ಲಿ ನಕಲು ಮಾಡಿದ್ದೇವೆ ಎಂದು ಬಿಸಿನೆಸ್ ವಿದ್ಯಾರ್ಥಿಗಳಲ್ಲಿ 56% ಮಂದಿ ಒಪ್ಪಿಕೊಂಡಿದ್ದರು. ಉಳಿದವರಲ್ಲಿ ಆ ಪ್ರಮಾಣ 47%. ಸಹಪಾಠಿಗಳು ಏನು ಮಾಡುತ್ತಿದ್ದಾರೆ ಎಂಬ ತಿಳಿವಳಿಕೆಯೇ ನಕಲಿಗೆ ಎಲ್ಲಕ್ಕಿಂತ ಬಲವಾದ ಪ್ರೇರಣೆಯಾಗಿತ್ತು. ಮರುವರ್ಷವೇ ಡ್ಯೂಕ್ ವಿಶ್ವವಿದ್ಯಾಲಯದ ಫುಕ್ವಾ ಸ್ಕೂಲ್‌ನಲ್ಲಿ ಮನೆಗೆ ಕೊಂಡೊಯ್ದು ಬರೆಯುವ ಪರೀಕ್ಷೆಯಲ್ಲಿ ಉತ್ತರಗಳು ಒಂದೇ ತೆರನಾಗಿದ್ದು ಕಂಡು ತನಿಖೆ ನಡೆಯಿತು. ಮೊದಲ ವರ್ಷದ 34 ವಿದ್ಯಾರ್ಥಿಗಳು ತಪ್ಪಿತಸ್ಥರೆಂದು ನಿರ್ಣಯವಾಯಿತು. ಅಲ್ಲಿಯೂ ಗೌರವಸಂಹಿತೆ ಇತ್ತು. ಸಂಹಿತೆ ಬರೆದಿಟ್ಟರೆ ಸಾಲದು, ತರಗತಿ ಅದನ್ನು ತನ್ನದೆಂದುಕೊಳ್ಳಬೇಕು.

ಹಲವು ದೇಶಗಳವರು ಕೂಡಿ ಓದುವ ಕಡೆ ಈ ಮಾತಿಗೆ ಇನ್ನಷ್ಟು ತೂಕವಿದೆ. ಪಠ್ಯದ ಸಾಲುಗಳನ್ನು ಹಾಗೆಯೇ ಒಪ್ಪಿಸುವುದನ್ನು ಜಾಣತನವೆಂದು ಕಲಿತು ಬಂದವರಿಗೆ ಆಕರ ಹೇಳದೆ ನಾಲ್ಕು ಸಾಲು ಬಳಸಿದರೂ ಕೃತಿಚೌರ್ಯ ಎಂಬುದು ಹೊಸ ಪಾಠ. ಅಧ್ಯಯನಕ್ಕೆ ಕೊಟ್ಟ ಕೇಸ್ ಕುರಿತು ಗುಂಪಿನಲ್ಲಿ ಚರ್ಚಿಸಬಹುದು, ಉತ್ತರವನ್ನು ಒಬ್ಬೊಬ್ಬರೇ ಬರೆಯಬೇಕು ಎಂಬ ಗೆರೆಯೂ ಎಲ್ಲರಿಗೂ ತಾನಾಗಿ ಕಾಣುವುದಿಲ್ಲ. ಆದ್ದರಿಂದ ನಿಯಮವನ್ನು ಮೊದಲ ವಾರದಲ್ಲೇ, ಉದಾಹರಣೆ ಸಮೇತ ತಿಳಿಸುವುದು ಸಂಸ್ಥೆಯ ಕರ್ತವ್ಯ. ಶಿಕ್ಷೆ ಆಮೇಲಿನದು.

ಥಂಡರ್‌ಬರ್ಡ್ ಈಗ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಭಾಗ. 2014ರ ಒಪ್ಪಂದದಂತೆ ಅದರೊಳಗೆ ಸೇರಿ, ಬಳಿಕ ಗ್ಲೆಂಡೇಲ್ ಬಿಟ್ಟು ಫೀನಿಕ್ಸ್ ನಗರಕ್ಕೆ ಬಂದಿತು. ಆ ವಿಶ್ವವಿದ್ಯಾಲಯದಲ್ಲಿ ಎಕ್ಸ್‌ಇ ಎಂಬ ಗ್ರೇಡ್ ಇದೆ. ಓದಿನಲ್ಲಿ ಅಪ್ರಾಮಾಣಿಕತೆ ತೋರಿ ಅನುತ್ತೀರ್ಣರಾದವರಿಗೆ ಕೊಡುವ ಈ ಗ್ರೇಡ್ ಅಂಕಪಟ್ಟಿಯಲ್ಲಿ ದಾಖಲಾಗುತ್ತದೆ.