ನಾಗಪುರದ ಪೆಟ್ರೋಲ್ ಕಾಯಿದೆಯೂ ಅಣ್ಣಾಸಾಹೇಬ ಲಠ್ಠೆಯವರ 1939ರ ಆಯವ್ಯಯವೂ

ಮುಂಬಯಿ ಪ್ರಾಂತದ ಹಣಕಾಸು ಸಚಿವ ಅಣ್ಣಾ ಬಾಬಾಜಿ ಲಠ್ಠೆಯವರು (1878–1950) 1939ರಲ್ಲಿ ಮಂಡಿಸಿದ ಆಯವ್ಯಯವನ್ನು ಪಾನನಿರೋಧದ ಆಯವ್ಯಯವೆಂದೇ ಗುರುತಿಸುವುದು ರೂಢಿ. ಹೆಂಡ-ಸಾರಾಯಿಯ ಆದಾಯ ಕೈತಪ್ಪಲಿತ್ತು, ಅದನ್ನು ತುಂಬಿಕೊಳ್ಳಲು ನಗರದ ಕಟ್ಟಡಗಳ ಮೇಲೆ ತೆರಿಗೆ ಬಿತ್ತು, ಗಾಂಧೀಜಿಯವರ ಕಾರ್ಯಕ್ರಮಕ್ಕೆ ಲಠ್ಠೆ ಲೆಕ್ಕ ಹೊಂದಿಸಿಕೊಟ್ಟರು ಎಂಬಲ್ಲಿಗೆ ವಿವರಣೆ ಮುಗಿಯುತ್ತದೆ. ಈ ಲೇಖನ ಅದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ತೆರಿಗೆ ಏಕೆ ಬೇಕಾಯಿತು ಎಂಬುದಕ್ಕೆ ಪಾನನಿರೋಧ ಉತ್ತರವಾಗುತ್ತದೆ. ಅದು ಆ ರೂಪದಲ್ಲೇ ಏಕೆ ಬಂತು ಎಂಬುದಕ್ಕೆ ಉತ್ತರವನ್ನು ಆಗಿನ ಮಧ್ಯಪ್ರಾಂತ ಮತ್ತು ಬೇರಾರದ ರಾಜಧಾನಿ ನಾಗಪುರದಲ್ಲಿ ಹುಡುಕಬೇಕು.

ಲಠ್ಠೆಯವರ ಜೀವನದ ಮುಖ್ಯ ಘಟ್ಟಗಳಲ್ಲಿ ವಿವಾದವಿಲ್ಲ. ಕುರುಂದವಾಡದ ಜೈನ ಮನೆತನದಲ್ಲಿ ಹುಟ್ಟಿದ ಅವರು 1899ರ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಸ್ಥಾಪಕರಲ್ಲಿ ಒಬ್ಬರು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಅಲ್ಲಿನ ಅರಸ ಶಾಹೂ ಮಹಾರಾಜರ ಆಪ್ತವಲಯದಲ್ಲಿದ್ದು 1924ರಲ್ಲಿ ಇಂಗ್ಲಿಷಿನಲ್ಲಿ ಮಹಾರಾಜರ ಚರಿತ್ರೆಯನ್ನು ಪ್ರಕಟಿಸಿದರು. ಕೊಲ್ಹಾಪುರ ಬಿಟ್ಟು ಬೆಳಗಾವಿಯಲ್ಲಿ ವಕೀಲಿ ನಡೆಸಿದರು. ಮೊಂಟೆಗು-ಚೆಲ್ಮ್ಸ್‌ಫರ್ಡ್ ಸುಧಾರಣೆಯ ಬಳಿಕ ಕೂಡಿದ ಮೊದಲ ಕೇಂದ್ರ ಶಾಸನಸಭೆಯ ಸದಸ್ಯರಾಗಿ, ಮುಂದೆ ಕೊಲ್ಹಾಪುರದ ದಿವಾನರಾಗಿ, 1937ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು ಬಾಳಾಸಾಹೇಬ ಖೇರರ ಮಂತ್ರಿಮಂಡಲ ಸೇರಿದರು. ಬ್ರಾಹ್ಮಣೇತರ ಚಳವಳಿಯ ಇತಿಹಾಸಕಾರರಿಗೆ ಅವರ ಮೊದಲರ್ಧ ಬೇಕು, ಕಾಂಗ್ರೆಸ್ ಇತಿಹಾಸಕಾರರಿಗೆ ಮಂತ್ರಿಯಾಗಿದ್ದ ಎರಡು ವರ್ಷ ಸಾಕು. ಬೆಳಗಾವಿಯ ನ್ಯಾಯಾಲಯದಲ್ಲಿ ನಿಂತ ವಕೀಲ ಮಾತ್ರ ಎರಡೂ ಕಡೆ ಕಾಣೆಯಾಗಿರುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಲೋಪ.

1935ರ ಭಾರತ ಸರ್ಕಾರ ಕಾಯಿದೆ ಪ್ರಾಂತಗಳಿಗೆ ಸ್ವಾಯತ್ತತೆ ಕೊಟ್ಟಿತಾದರೂ ಹುಲುಸಾದ ತೆರಿಗೆಗಳು ಕೇಂದ್ರದ ಪಟ್ಟಿಯಲ್ಲೇ ಉಳಿದವು. ವರಮಾನ ತೆರಿಗೆ, ಸೀಮಾಸುಂಕ, ಮದ್ಯಾದಿಗಳನ್ನು ಬಿಟ್ಟು ಉಳಿದ ಸರಕುಗಳ ಉತ್ಪಾದನಾ ಸುಂಕ, ಮೂರೂ ದೆಹಲಿಯವು. ಪ್ರಾಂತಕ್ಕೆ ಭೂಕಂದಾಯ, ಅಬಕಾರಿ, ಮುದ್ರಾಂಕ ಇದ್ದವು. ಹೊಸತಾಗಿ ಏನಾದರೂ ಎತ್ತಬೇಕೆಂದರೆ ಮುಖ್ಯವಾಗಿ ಪ್ರಾಂತಪಟ್ಟಿಯ ಎರಡು ನಮೂದುಗಳತ್ತ ನೋಡಬೇಕಿತ್ತು. 42ನೆಯದು ಭೂಮಿ ಮತ್ತು ಕಟ್ಟಡಗಳ ಮೇಲಿನ ತೆರಿಗೆ, 48ನೆಯದು ಸರಕುಗಳ ಮಾರಾಟದ ಮೇಲಿನ ತೆರಿಗೆ.

48ನೆಯದಕ್ಕೆ ನಾಗಪುರ ಕೈಹಾಕಿತು. 1938ರ 14ನೇ ಕಾಯಿದೆ ಮೋಟಾರು ಇಂಧನ ಮತ್ತು ಕೀಲೆಣ್ಣೆಗಳ ಚಿಲ್ಲರೆ ಮಾರಾಟದ ಮೇಲೆ ಶೇ. 5ರ ತೆರಿಗೆ ಹೇರಿತು. ಅದೇ ವರ್ಷದ ಜುಲೈನಲ್ಲಿ ಅಲ್ಲಿನ ಮಂತ್ರಿಮಂಡಲವೇ ಒಡೆದು, ಡಾ. ನಾ. ಭಾ. ಖರೆ ಹೋಗಿ ರವಿಶಂಕರ ಶುಕ್ಲರು ಪ್ರಧಾನರಾದರು. ಆ ವರ್ಷದ ನಾಗಪುರವೆಂದರೆ ಎಲ್ಲರಿಗೂ ನೆನಪಾಗುವುದು ಆ ಜಗಳ. ಪೆಟ್ರೋಲ್ ಕಾಯಿದೆಯ ಪರಿಣಾಮ ಅದಕ್ಕಿಂತ ಬಹುದೂರ ಹೋಯಿತು. ಇದು ವೇಷ ಮರೆಸಿಕೊಂಡ ಉತ್ಪಾದನಾ ಸುಂಕ, ಆದ್ದರಿಂದ ಕೇಂದ್ರದ ಹಕ್ಕಿನ ಅತಿಕ್ರಮಣ ಎಂಬುದು ಭಾರತ ಸರ್ಕಾರದ ತಕರಾರು. ಗವರ್ನರ್ ಜನರಲ್ ಪ್ರಶ್ನೆಯನ್ನು ಫೆಡರಲ್ ಕೋರ್ಟಿಗೆ ಒಪ್ಪಿಸಿದರು. ಆ ನ್ಯಾಯಾಲಯ ಕೈಗೆತ್ತಿಕೊಂಡ ಮೊದಲ ಪ್ರಕರಣವೇ ಇದು. ಮುಖ್ಯ ನ್ಯಾಯಮೂರ್ತಿ ಸರ್ ಮಾರಿಸ್ ಗ್ವಾಯರ್, ಸರ್ ಶಾ ಸುಲೇಮಾನ್, ಎಂ. ಆರ್. ಜಯಕರ್ ಅವರ ಪೀಠ 1938ರ ಡಿಸೆಂಬರಿನಲ್ಲಿ ಪ್ರಾಂತದ ಪರ ಅಭಿಪ್ರಾಯ ಕೊಟ್ಟಿತು. ಉತ್ಪಾದನಾ ಸುಂಕ ಎಂಬ ಮಾತಿಗೆ ಎಷ್ಟೇ ವಿಶಾಲ ಅರ್ಥವಿರಲಿ, ಪ್ರಾಂತಕ್ಕೆ ಸ್ಪಷ್ಟವಾಗಿ ಕೊಟ್ಟ ಅಧಿಕಾರವನ್ನು ಅದು ನುಂಗುವಂತೆ ಓದಬಾರದು, ಎರಡೂ ಪಟ್ಟಿಗಳನ್ನು ಒಟ್ಟಿಗೆ ಓದಿ ಹೊಂದಿಸಬೇಕು ಎಂಬುದು ಅದರ ತಿರುಳು.

ಈ ಅಭಿಪ್ರಾಯಕ್ಕೂ ಲಠ್ಠೆಯವರ ಆಯವ್ಯಯಕ್ಕೂ ನಡುವೆ ಮೂರು ತಿಂಗಳೂ ಇಲ್ಲ. ಅವರು ಮುಖ್ಯ ಹೊರೆಯನ್ನು ಹೊರಿಸಿದ್ದು ನಗರದ ಸ್ಥಿರಾಸ್ತಿಯ ಮೇಲೆ, ವಾರ್ಷಿಕ ಬಾಡಿಗೆ ಮೌಲ್ಯದ ಶೇ. 10ರಂತೆ. ಅಪಾಯ ಇಲ್ಲೇ ಇತ್ತು. 1922ರ ವರಮಾನ ತೆರಿಗೆ ಕಾಯಿದೆಯ 9ನೇ ಕಲಮು ಕೂಡ ಮನೆಯ ವಾರ್ಷಿಕ ಮೌಲ್ಯವನ್ನೇ ಆಸ್ತಿಯ ವರಮಾನವೆಂದು ಹಿಡಿಯುತ್ತಿತ್ತು. ಅಳತೆ ಒಂದೇ ಆದಮೇಲೆ ತೆರಿಗೆಯೂ ಒಂದೇ, ಇದು ಕೇಂದ್ರದ ವರಮಾನ ತೆರಿಗೆಯ ಕಳ್ಳ ರೂಪ ಎಂದು ವಾದಿಸಲು ಮಾಲೀಕರಿಗೆ ದಾರಿ ತೆರೆದಿತ್ತು. ಅವರು ಹಾಗೇ ವಾದಿಸಿದರು. ಸರ್ ಬೈರಾಮ್‌ಜಿ ಜೀಜಿಭಾಯ್ ಅವರ ದಾವೆ ಮುಂಬಯಿ ಹೈಕೋರ್ಟಿನ ಪೂರ್ಣಪೀಠದ ಮುಂದೆ ಬಂದಾಗ ಅದು ವರಮಾನ ತೆರಿಗೆ, ಅಲ್ಲವಾದರೆ ಆಸ್ತಿಯ ಬಂಡವಾಳ ಮೌಲ್ಯದ ಮೇಲಿನ ತೆರಿಗೆ, ಎರಡೂ ಕೇಂದ್ರದವು ಎಂಬ ವಾದ ನಡೆಯಿತು. ಪೀಠ ಒಪ್ಪಲಿಲ್ಲ. ತೆರಿಗೆಯನ್ನು ಅಳೆಯುವ ಕೋಲು ಬೇರೆ, ತೆರಿಗೆಯ ಸ್ವರೂಪ ಬೇರೆ. ಕಾಯಿದೆ ಮಾಲೀಕನ ನಿಜವಾದ ಗಳಿಕೆ ಎಷ್ಟೆಂದು ಕೇಳುವುದಿಲ್ಲ, ಕಟ್ಟಡವಿದೆಯೇ, ಅದರ ಬಾಡಿಗೆ ಮೌಲ್ಯವೆಷ್ಟು ಎಂದಷ್ಟೇ ಕೇಳುತ್ತದೆ. ಮುಂದೆ ಪಂಜಾಬಿನ ಇಂಥದೇ ಕಾಯಿದೆಯ ಬಗ್ಗೆ 1948ರ ರಲ್ಲಾ ರಾಮ್ ಪ್ರಕರಣದಲ್ಲಿ ಫೆಡರಲ್ ಕೋರ್ಟು ಈ ನಿಲುವನ್ನೇ ಎತ್ತಿಹಿಡಿಯಿತು.

ನನ್ನ ವಾದ ಇಷ್ಟು. ಈ ತೆರಿಗೆಯನ್ನು ನ್ಯಾಯಾಲಯದ ಪರೀಕ್ಷೆಯನ್ನು ಮುಂಗಂಡೇ ಕಟ್ಟಲಾಗಿತ್ತು, ಆ ಧೈರ್ಯಕ್ಕೆ ಆಧಾರ, ಪ್ರಾಂತಕ್ಕೆ ಸ್ಪಷ್ಟವಾಗಿ ಕೊಟ್ಟ ಅಧಿಕಾರವನ್ನು ಕೇಂದ್ರದ ಹಕ್ಕು ನುಂಗಬಾರದೆಂಬ ನಾಗಪುರದ ಪ್ರಕರಣದ ತತ್ವ. ಇದನ್ನು ಹೇಳುವಾಗ ಕೆಲವು ಎಚ್ಚರಿಕೆಗಳು ಬೇಕು. ಕಾಲದ ಸಾಮೀಪ್ಯವೊಂದೇ ಕಾರಣವಾಗದು. ಬಾಡಿಗೆ ಮೌಲ್ಯದ ಮೇಲೆ ಕರ ಹಾಕುವ ಪದ್ಧತಿ ಮುಂಬಯಿ ಪುರಸಭೆಗೆ ಹಳೆಯದು, ಮಾದರಿ ಅಲ್ಲಿಂದಲೇ ಬಂದಿರಬಹುದು. ಮಂತ್ರಿಮಂಡಲದಲ್ಲಿ ಕಾನೂನು ಬಲ್ಲವರು ಲಠ್ಠೆಯೊಬ್ಬರೇ ಅಲ್ಲ. ಖೇರ್ ಸಾಲಿಸಿಟರ್, ಕೆ. ಎಂ. ಮುನ್ಶಿ ಮುಂಬಯಿ ಹೈಕೋರ್ಟಿನ ಹೆಸರಾಂತ ವಕೀಲರು. ಆದ್ದರಿಂದ ಕರಡಿನ ಒಂದೊಂದು ಸಾಲೂ ಲಠ್ಠೆಯವರದೆಂದು ನಾನು ಹೇಳುತ್ತಿಲ್ಲ. ಆದರೆ ಕೇಂದ್ರ-ಪ್ರಾಂತಗಳ ಹಣದ ಹಂಚಿಕೆಯನ್ನು ಕೇಂದ್ರ ಶಾಸನಸಭೆಯಲ್ಲಿ ಕೂತು ಕಂಡವರು, ಸಂಸ್ಥಾನದ ಬೊಕ್ಕಸವನ್ನು ದಿವಾನರಾಗಿ ನಡೆಸಿದವರು, ವಕೀಲಿಯನ್ನೂ ಮಾಡಿದವರು ಆ ಸಂಪುಟದಲ್ಲಿ ಅವರೇ. ಹಣಕಾಸಿನ ಹೊಣೆಯೂ ಅವರದೇ. ಗಾಂಧೀಜಿಯವರ ಲೆಕ್ಕಿಗ ಎಂಬ ಚಿತ್ರಕ್ಕಿಂತ ಈ ಚಿತ್ರ ನನಗೆ ಹೆಚ್ಚು ಸರಿಯೆನಿಸುತ್ತದೆ.

ತೆರಿಗೆಯ ಆಯಸ್ಸು ನನ್ನ ವಾದಕ್ಕೆ ಇನ್ನೊಂದು ಆಧಾರ. ಪಾನನಿರೋಧ ಮುಂಬಯಿ ನಗರದಲ್ಲಿ ಜಾರಿಗೆ ಬಂದದ್ದು 1939ರ ಆಗಸ್ಟ್ 1ರಂದು. ನವೆಂಬರಿನಲ್ಲಿ ಮಂತ್ರಿಮಂಡಲ ರಾಜೀನಾಮೆಯಿತ್ತಿತು. ತೆರಿಗೆ ಮಾತ್ರ ಮಂತ್ರಿಮಂಡಲದ ಜೊತೆ ಹೋಗಲಿಲ್ಲ. ವರಮಾನ ಲೆಕ್ಕ ಹಾಕುವಾಗ ಅದನ್ನು ಕಳೆಯಬಹುದೇ ಎಂಬ ಪ್ರಶ್ನೆ ನ್ಯೂ ಪೀಸ್ ಗೂಡ್ಸ್ ಬಜಾರ್ ಕಂಪನಿಯ ಪ್ರಕರಣದಲ್ಲಿ 1950ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಕಳೆಯಬಹುದೆಂದು ತೀರ್ಮಾನವಾಯಿತು. ಹುಟ್ಟಿಗೆ ಕಾರಣವಾದ ನೀತಿಯನ್ನು ಬಿಟ್ಟೂ ಬದುಕಬಲ್ಲಷ್ಟು ಗಟ್ಟಿಯಾಗಿ ಕಟ್ಟಿದ್ದರೆಂದೇ ಇದರ ಅರ್ಥ.

ಕಾನೂನಿನ ಗಟ್ಟಿತನ ರಾಜಕೀಯದ ನ್ಯಾಯವಲ್ಲ ಎಂಬುದನ್ನೂ ಮರೆಯಬಾರದು. ಪಾನನಿರೋಧದಿಂದ ಪಾರ್ಸಿಗಳ ಜೀವನೋಪಾಯಕ್ಕೆ ಪೆಟ್ಟು, ಆಸ್ತಿ ತೆರಿಗೆಯಿಂದ ಮುಸ್ಲಿಮರ ಮೇಲೆ ಹೊರೆ ಎಂದು ಸುಭಾಷ್‌ಚಂದ್ರ ಬೋಸರು ಆಗಲೇ ಆಕ್ಷೇಪಿಸಿದ್ದರು. ಈ ಟೀಕೆಗೆ ಪೂರ್ಣಪೀಠದ ತೀರ್ಪಿನಲ್ಲಿ ಉತ್ತರವಿಲ್ಲ, ಇರಬೇಕಾದದ್ದೂ ಅಲ್ಲ.

ನಾಗಪುರ ತೆರೆದ ಇನ್ನೊಂದು ದಾರಿಯಲ್ಲಿ 1939ರಲ್ಲೇ ಮದ್ರಾಸು ಸಾಮಾನ್ಯ ಮಾರಾಟ ತೆರಿಗೆಯನ್ನು ತಂದು ದಕ್ಷಿಣ ಕನ್ನಡ, ಬಳ್ಳಾರಿಗಳ ಅಂಗಡಿಗಳನ್ನು ಮುಟ್ಟಿತು. 1948ರಲ್ಲಿ ಮೈಸೂರೂ ತನ್ನ ಮಾರಾಟ ತೆರಿಗೆ ಕಾಯಿದೆ ಮಾಡಿತು. ಬೆಳಗಾವಿಯ ಸಚಿವರು ಕಟ್ಟಡವನ್ನೇ ಪ್ರಧಾನವಾಗಿ ಆರಿಸಿಕೊಂಡದ್ದು ನಗರದ ಆಸ್ತಿವಂತರು ಭರಿಸಲಿ, ಹಳ್ಳಿಯ ಕೊಳ್ಳುಗನಲ್ಲ ಎಂಬ, ಬ್ರಾಹ್ಮಣೇತರ ಚಳವಳಿಯ ದಿನಗಳ ಹಳೆಯ ಒಲವಿನಿಂದಲೋ ಅಥವಾ 42ನೆಯ ನಮೂದೇ ಹೆಚ್ಚು ಸುರಕ್ಷಿತವೆಂಬ ವಕೀಲನ ಎಣಿಕೆಯಿಂದಲೋ? ಎರಡೂ ಕೂಡಿರಬಹುದೆಂದು ನನಗೆ ತೋರುತ್ತದೆ. ಯಾವುದು ಎಷ್ಟು ಎಂಬುದು 1939ರ ಮುಂಬಯಿ ಶಾಸನಸಭೆಯ ಆಯವ್ಯಯ ಚರ್ಚೆಯನ್ನು ಹಣಕಾಸು ಇಲಾಖೆಯ ಆ ತಿಂಗಳುಗಳ ಕಡತಗಳ ಜೊತೆಗಿಟ್ಟು ಓದುವವರು ತೀರ್ಮಾನಿಸಬೇಕಾದ ಪ್ರಶ್ನೆ.