ಪದಾತಿಯ ಸಿರೆಗಂಟು: ಪೊನ್ನವಾಡದ ನೆರೆಯಲ್ಲಿ ಒಂದು ವೈದ್ಯವಿಚಾರ

ವಿಜಯಪುರ ನಗರದ ಅಂಚಿನಲ್ಲಿರುವ ಭೂತನಾಳ ಕೆರೆಯ ಹೆಸರಿನಲ್ಲಿ ‘ನಾಳ’ ಎಂಬ ಪದವಿದೆ. ಈ ಭಾಗದಲ್ಲಿ ಜುಮನಾಳ ಮೊದಲಾಗಿ ಇದೇ ಅಂತ್ಯವುಳ್ಳ ಊರುಗಳು ಇನ್ನೂ ಇವೆ. ಸ್ಥಳನಾಮದ ವ್ಯುತ್ಪತ್ತಿಯ ಚರ್ಚೆ ಇಲ್ಲಿ ಪ್ರಸ್ತುತವಲ್ಲ. ಆದರೆ ನೀರು ಹರಿಯುವ ದಾರಿಗೂ ನೆತ್ತರು ಹರಿಯುವ ದಾರಿಗೂ ಕನ್ನಡ ನುಡಿಯು ನಾಳವೆಂಬ ಒಂದೇ ಮಾತನ್ನು ಬಳಸಿಕೊಂಡಿದೆ ಎಂಬುದು ಪ್ರಕೃತ ವಿಷಯಕ್ಕೆ ಒಳ್ಳೆಯ ಪ್ರವೇಶವಾಗುತ್ತದೆ. ಕಾಲಿನ ಸಿರೆಗಳು ಉಬ್ಬಿ, ಸೊಟ್ಟಗಾಗಿ, ಚರ್ಮದಡಿಯಲ್ಲಿ ನೀಲಿಯ ಬಳ್ಳಿಗಳಂತೆ ಕಾಣಿಸಿಕೊಳ್ಳುವ ವ್ಯಾಧಿಯನ್ನು ಇಂದು ಎಲ್ಲರೂ ‘ವೆರಿಕೋಸ್ ವೇನ್ಸ್’ ಎಂದೇ ಕರೆಯುತ್ತಾರೆ. ಪ್ರಾಚೀನ ವೈದ್ಯರು ಇದಕ್ಕೆ ಬಹು ಸಮೀಪವಾದ ವಿಕಾರವನ್ನು ‘ಸಿರಾಗ್ರಂಥಿ’ ಎಂದಿದ್ದರು.

ಪಾದದಿಂದ ಹೃದಯದ ಕಡೆಗೆ ರಕ್ತವು ಭೂಮಿಯ ಸೆಳೆತಕ್ಕೆ ಎದುರಾಗಿ ಏರಬೇಕು. ಮೀನಖಂಡದ ಸ್ನಾಯುಗಳು ಅದನ್ನು ಮೇಲಕ್ಕೆ ಒತ್ತುತ್ತವೆ. ಸಿರೆಯೊಳಗಿನ ಕವಾಟಗಳು ಕೆಳಕ್ಕೆ ಮರಳದಂತೆ ತಡೆಯುತ್ತವೆ. ಕವಾಟಗಳು ಸಡಿಲವಾದರೆ ರಕ್ತ ಕೆಳಗೆ ನಿಂತು, ಒತ್ತಡ ಹೆಚ್ಚಿ, ಸಿರೆಯ ಗೋಡೆ ಹಿಗ್ಗುತ್ತದೆ. ಒತ್ತಡದ ಈ ಸಮಸ್ಯೆಯನ್ನು ವಿಜಯಪುರದ ಆದಿಲ್‌ಶಾಹಿ ಶಿಲ್ಪಿಗಳು ನೀರಿನ ವಿಷಯದಲ್ಲಿ ಚೆನ್ನಾಗಿ ಬಲ್ಲವರಾಗಿದ್ದರು. 1651ರಲ್ಲಿ ನಿರ್ಮಾಣಗೊಂಡ ಬೇಗಂ ತಾಲಾಬಿನಿಂದ ನಗರಕ್ಕೆ ಬರುವ ಕೊಳವೆಮಾರ್ಗದ ನಡುನಡುವೆ ‘ಗಂಜ್’ ಎಂಬ ಗೋಪುರಗಳನ್ನು ಕಟ್ಟಿ, ಕೊಳವೆಗಳು ಒಡೆಯದಂತೆ ನೀರಿನ ಒತ್ತಡವನ್ನು ಅಲ್ಲಲ್ಲಿ ಇಳಿಸುತ್ತಿದ್ದರು. ಗಂಜ್ ಮಾಡುವುದು ಒತ್ತಡವಿಳಿಸುವ ಕೆಲಸ, ಕವಾಟ ಮಾಡುವುದು ಹಿಮ್ಮರಳದಂತೆ ತಡೆಯುವ ಕೆಲಸ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬಾರದು. ಯುರೋಪಿನಲ್ಲಿ ಸಿರೆಯ ಕವಾಟಗಳನ್ನು ಕುರಿತ ಫ್ಯಾಬ್ರಿಷಿಯಸನ ಪ್ರಬಂಧ ಪ್ರಕಟವಾದದ್ದು 1603ರಲ್ಲಿ. ಪಡುವಾದಲ್ಲಿ ಅವನಲ್ಲಿ ಕಲಿತ ಹಾರ್ವೆಯ ರಕ್ತಪರಿಚಲನೆಯ ಗ್ರಂಥ ಬಂದದ್ದು 1628ರಲ್ಲಿ.

ಕವಾಟದ ಅರಿವಿಲ್ಲದ ನಮ್ಮ ಪ್ರಾಚೀನರು ಇದನ್ನು ವಾತದ ಭಾಷೆಯಲ್ಲಿ ವಿವರಿಸಿದರು. ಸುಶ್ರುತನ ಪ್ರಕಾರ ಬಲಹೀನನು ಅತಿಯಾಗಿ ದಣಿದಾಗ ಕುಪಿತವಾದ ವಾತವು ಸಿರೆಗಳ ಜಾಲವನ್ನು ಹಿಂಡಿ, ಕುಗ್ಗಿಸಿ, ಒಣಗಿಸಿ, ಎತ್ತರವಾದ ದುಂಡನೆಯ ಗಂಟನ್ನುಂಟುಮಾಡುತ್ತದೆ. ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ವಾಗ್ಭಟನು ಇದಕ್ಕೆ ಎರಡು ಅಂಶಗಳನ್ನು ಸೇರಿಸುತ್ತಾನೆ. ರೋಗಿಯು ‘ಪದಾತಿ’, ಅಂದರೆ ಕಾಲ್ನಡಿಗೆಯವನು. ನಡೆದು ಬಂದು ತಟ್ಟನೆ ನೀರಿಗಿಳಿದವನು. ಎರಡನೆಯದಾಗಿ, ವಾತವು ಸಿರಾಜಾಲವನ್ನು ‘ವಕ್ರ’ಗೊಳಿಸುತ್ತದೆ. ಈ ವಕ್ರತೆಯ ಉಲ್ಲೇಖವೇ ಸಿರಾಗ್ರಂಥಿಯನ್ನು ಇಂದಿನ ಉಬ್ಬಿದ ಸಿರೆಗಳ ಬಳಿಗೆ ತರುತ್ತದೆ. ಎರಡೂ ಅಕ್ಷರಶಃ ಒಂದೇ ಎನ್ನಲಾಗದು. ಹಳೆಯ ಲಕ್ಷಣಗಳನ್ನು ಹೊಸ ರೋಗನಾಮಕ್ಕೆ ಗಂಟುಹಾಕುವ ಆತುರ ನಮ್ಮ ಸಂಶೋಧನೆಯಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿದೆ.

ಪದಾತಿ ಎಂಬ ಪದವು ಜೈನಸಾಹಿತ್ಯದ ವಿದ್ಯಾರ್ಥಿಗೆ ಬೇರೊಂದು ಚಿತ್ರವನ್ನು ತರುತ್ತದೆ. ವಾಹನವನ್ನು ತ್ಯಜಿಸಿದ ಮುನಿಯು ಚಾತುರ್ಮಾಸದ ಹೊರತು ಸದಾ ವಿಹಾರಿ. ದಿಗಂಬರ ಮುನಿಯು ದಿನಕ್ಕೊಂದೇ ಆಹಾರವನ್ನು ಸ್ವೀಕರಿಸುವುದೂ ನಿಂತೇ. ಕಾಯೋತ್ಸರ್ಗದಲ್ಲಿ ಗಂಟೆಗಟ್ಟಲೆ ಅಲುಗಾಡದೆ ನಿಲ್ಲುವುದೂ ಉಂಟು. ಬಾದಾಮಿಯ ಜೈನಗುಹೆಯಿಂದ ಶ್ರವಣಬೆಳಗೊಳದವರೆಗೆ ಬಾಹುಬಲಿಯ ಕಾಲುಗಳಿಗೆ ಶಿಲ್ಪಿಗಳು ಹಬ್ಬಿಸಿದ ಬಳ್ಳಿಗಳು ನಿಲುವಿನ ದೀರ್ಘತೆಯನ್ನೇ ಹೇಳುತ್ತವೆ. ಅದು ತಪಸ್ಸಿನ ಸಂಕೇತ, ವ್ಯಾಧಿಯದಲ್ಲ. ಆದರೆ ಚಲನೆಯಿಲ್ಲದ ನಿಲುವು ಸಾಮಾನ್ಯ ದೇಹದ ಸಿರೆಗಳಿಗೆ ಭಾರವೆಂಬುದು ನಿಜ. ನಡಿಗೆಯೋ ಮೀನಖಂಡದ ಸ್ನಾಯುವನ್ನು ದುಡಿಸಿ ರಕ್ತವನ್ನು ಮೇಲೇರಿಸುತ್ತದೆ. ಹೀಗಾಗಿ ಪದಾತಿಯನ್ನು ದೂರಿದ ವಾಗ್ಭಟನ ಮಾತು ಇಂದಿನ ವೈದ್ಯಕ್ಕೆ ಪೂರ್ತಿ ಒಪ್ಪಿಗೆಯಾಗದು.

ಇಂದಿನ ವೈದ್ಯರು ಮೊದಲು ಸೂಚಿಸುವುದು ಬಿಗಿಯಾದ ಕಾಲುಚೀಲವನ್ನು. ವಸ್ತ್ರವನ್ನೇ ತ್ಯಜಿಸಿದವನಿಗೆ ಅದು ಪರಿಗ್ರಹವಾಗದೆ? ಪರಂಪರೆಯಲ್ಲಿ ಇದಕ್ಕೆ ದೊರೆಯುವ ಉತ್ತರ ಶ್ರಾವಕರ ಕಡೆಯಿಂದ ಬರುತ್ತದೆ. ಆರು ಅಂತರಂಗ ತಪಗಳಲ್ಲಿ ವೈಯಾವೃತ್ಯವೂ ಒಂದು. ದಣಿದ ಅಥವಾ ರುಗ್ಣನಾದ ಮುನಿಯ ಶರೀರಸೇವೆ ಅದರಲ್ಲಿ ಸೇರುತ್ತದೆ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನದಲ್ಲಿ ಔಷಧಕ್ಕೆ ಸ್ವತಂತ್ರ ಸ್ಥಾನವಿದೆ. ಜೈನರ ವೈದ್ಯಗ್ರಂಥಗಳನ್ನು ಈ ಹಿನ್ನೆಲೆಯಿಲ್ಲದೆ ಓದಿದರೆ ಅವು ಬರಿಯ ಮದ್ದಿನ ಪಟ್ಟಿಗಳಾಗಿ ಕಾಣುತ್ತವೆ.

ಭೂತನಾಳದಿಂದ ಪಶ್ಚಿಮಕ್ಕೆ, ತಿಕೋಟಾ ತಾಲ್ಲೂಕಿನಲ್ಲಿರುವ ಹೊನವಾಡವೇ ಶಾಸನೋಕ್ತ ಪೊನ್ನವಾಡ. 1054ರ ಶಾಸನದ ಪ್ರಕಾರ ಚಾಲುಕ್ಯ ಒಂದನೆಯ ಸೋಮೇಶ್ವರನ ರಾಣಿ ಕೇತಲದೇವಿ ಈ ಅಗ್ರಹಾರವನ್ನು ಆಳುತ್ತಿದ್ದಳು. ಆಕೆಯ ಅಧಿಕಾರಿಯೂ ಮಹಾಸೇನಮುನಿಯ ಶಿಷ್ಯನೂ ಆದ ಚಾಂಕಿರಾಜನು ಇಲ್ಲಿ ತ್ರಿಭುವನತಿಲಕವೆಂಬ ಜಿನಾಲಯವನ್ನು ಕಟ್ಟಿಸಿದನು. ಸುಮಾರು 1125ರಲ್ಲಿ ‘ಗೋವೈದ್ಯ’ವನ್ನು ಬರೆದ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ಈ ಕೇತಲದೇವಿಯ ಮಗನಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ. ಊಹೆ ಸರಿಯಾದರೆ ಕನ್ನಡದ ಪ್ರಾಚೀನ ವೈದ್ಯಗ್ರಂಥಗಳಲ್ಲೊಂದರ ಕರ್ತೃವಿಗೆ ಈ ನೆಲದೊಡನೆ ತಾಯಿಯ ಸಂಬಂಧವಿದೆ. ಪೊನ್ನವಾಡದ ಶಾಸನವನ್ನು ಬಸದಿಯ ದಾನಕ್ಕಾಗಿ ಓದುವವರು ಹಲವರು, ವೈದ್ಯಸಾಹಿತ್ಯದ ಚರಿತ್ರೆಗಾಗಿ ಓದುವವರು ವಿರಳ.

ಈ ಪರಂಪರೆಗೆ ಹಿಂದುಮುಂದುಗಳಿವೆ. ಜೈನರು ವೈದ್ಯವನ್ನು ಹನ್ನೆರಡನೆಯ ಪೂರ್ವವಾದ ಪ್ರಾಣಾವಾಯಕ್ಕೆ ಸೇರಿಸುತ್ತಾರೆ. ಉಗ್ರಾದಿತ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿ, ನೃಪತುಂಗನ ಸಭೆಯಲ್ಲಿ ಮಾಂಸೌಷಧದ ನಿರರ್ಥಕತೆಯನ್ನು ಪ್ರತಿಪಾದಿಸಿದನು. ಆ ಗ್ರಂಥ 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಬೆಳಕಿಗೆ ಬಂದದ್ದು ವಿಜಯಪುರಕ್ಕೆ ಹತ್ತಿರದ ಸೊಲ್ಲಾಪುರದಿಂದಲೇ. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಅಲ್ಲಿಯೂ ಮದ್ಯಮಾಂಸಗಳಿಗೆ ಎಡೆಯಿಲ್ಲ. ಸಸ್ಯೌಷಧದ ಆಯ್ಕೆಯು ಇವರಿಗೆ ರುಚಿಯ ವಿಷಯವಾಗಿರಲಿಲ್ಲ, ವ್ರತದ ವಿಷಯವಾಗಿತ್ತು. ಸಿರಾಗ್ರಂಥಿಗೆ ವಾಗ್ಭಟನು ಹೇಳಿದ ಸಹಚರ ತೈಲ, ವಾತಹರ ದ್ರವ್ಯಗಳ ಉಪನಾಹ, ಬಸ್ತಿ, ಸಿರಾವ್ಯಧ ಎಂಬ ಕ್ರಮದಲ್ಲಿಯೂ ಮೊದಲು ಬರುವುದು ಒಂದು ಗಿಡವೇ.

ಸಹಚರವೆಂದರೆ ಗೋರಂಟೆ. ಬಯಲುಸೀಮೆಯ ಒಣನೆಲದಲ್ಲಿ ಹಳದಿ ಹೂಬಿಡುವ ಮುಳ್ಳುಗೋರಂಟೆಯನ್ನು ಹಲವರು ಸಹಚರವೆಂದು ಗುರುತಿಸುತ್ತಾರೆ. ಕೇರಳದ ವೈದ್ಯರು ಆ ಹೆಸರಿನಲ್ಲಿ ಬೇರೆ ಸಸ್ಯವನ್ನು ಬಳಸುವುದುಂಟು. ಸಹಚರಾದಿ ತೈಲ ಅಲ್ಲಿ ಈ ವ್ಯಾಧಿಗೆ ಇಂದಿಗೂ ಪ್ರಸಿದ್ಧ. ಆಧುನಿಕ ಪರೀಕ್ಷೆಗೆ ಒಳಪಟ್ಟ ಮೂಲಿಕೆಗಳಲ್ಲಿ ನಮ್ಮ ಒಂದೆಲಗವೂ ಯುರೋಪಿನ ಕುದುರೆ ಚೆಸ್ಟ್‌ನಟ್ ಬೀಜವೂ ಮುಖ್ಯವಾದವು. ಎರಡನೆಯದರ ಸಾರವು ಕಾಲಿನ ಬಾವು ಮತ್ತು ನೋವನ್ನು ಸ್ವಲ್ಪಕಾಲ ತಗ್ಗಿಸುತ್ತದೆಂಬುದಕ್ಕೆ 2012ರ ಕಾಕ್ರೇನ್ ವಿಮರ್ಶೆಯಲ್ಲಿ ಆಧಾರವಿದೆ. ಹಿಗ್ಗಿದ ಸಿರೆಯನ್ನು ಹಿಂದಿನ ಸ್ಥಿತಿಗೆ ತರುವ ಮೂಲಿಕೆ ಮಾತ್ರ ಯಾವುದೂ ಇಲ್ಲ.

ಇದನ್ನು ಹೇಳಲು ಆಧುನಿಕರೇ ಬೇಕಿಲ್ಲ. ಸಹಚರ ತೈಲವನ್ನು ವಾಗ್ಭಟನು ವಿಧಿಸಿದ್ದು ‘ಹೊಸ’ ಗ್ರಂಥಿಗೆ ಮಾತ್ರ. ನೋವಿದ್ದು ಚಲಿಸುವ ಗಂಟು ಕಷ್ಟಸಾಧ್ಯ. ನೋವಿಲ್ಲದೆ, ಅಚಲವಾಗಿ, ದೊಡ್ಡದಾಗಿ ಬೆಳೆದದ್ದನ್ನು ಮತ್ತು ಮರ್ಮಸ್ಥಾನದಲ್ಲಿ ಹುಟ್ಟಿದ್ದನ್ನು ಕೈಬಿಡಬೇಕೆಂದು ಸುಶ್ರುತನ ನಿರ್ಣಯ. ಪ್ರಾಚೀನ ಗ್ರಂಥದ ಹೆಸರು ಹೇಳಿ ಸಂಪೂರ್ಣ ಗುಣದ ಭರವಸೆಯನ್ನು ಮಾರುವವರು ಆ ಗ್ರಂಥದ ಈ ಭಾಗವನ್ನು ಓದಿರುವುದಿಲ್ಲ, ಇಲ್ಲವೇ ಓದಿ ಮುಚ್ಚಿಡುತ್ತಾರೆ. ಉಬ್ಬಿದ ಸಿರೆಯಿಂದ ರಕ್ತ ಸೋರಿದರೆ, ಹುಣ್ಣು ಮಾಯದಿದ್ದರೆ, ಒಂದೇ ಕಾಲು ಹಠಾತ್ತಾಗಿ ಊದಿ ನೋಯತೊಡಗಿದರೆ ಎಣ್ಣೆ ಹಚ್ಚಿ ತಿಕ್ಕುತ್ತ ಕೂರದೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಹೆಪ್ಪುಗಟ್ಟಿದ ರಕ್ತವು ತಿಕ್ಕುವಿಕೆಯಿಂದ ಕದಲಿದರೆ ಪ್ರಾಣಕ್ಕೆ ಅಪಾಯವಿದೆ. ವೈಯಾವೃತ್ಯಕ್ಕೆಂದು ಮುನಿಗಳ ಕಾಲೊತ್ತುವ ಶ್ರಾವಕರೂ ಇದನ್ನು ಅರಿತಿರುವುದು ಒಳಿತು.